ಮುಂದಿನ ಎರಡು ಹಲ್ಲು

"ಮೆಲ್ಲ ಬಾಯಿ ಮುಚ್ಚಿ ದೇವಮ್ಮ. ಮೇಣದಲ್ಲಿ ಕೂರಿಸಿದ್ದು, ಕಚ್ಚಬೇಡಿ," ಎಂದು ತಿರುಮಲೇಶ್ವರ ಕೈ ಹಿಂದಕ್ಕೆ ತೆಗೆದರು.

ಪುತ್ತೂರಿನ ಪೇಟೆಯಲ್ಲಿ, ಜವಳಿ ಅಂಗಡಿಯ ಮಾಳಿಗೆಯ ಮೇಲೆ ಅವರು ಹಲ್ಲುಸೆಟ್ಟು ಕಟ್ಟಲು ತೊಡಗಿ ಹತ್ತು ವರ್ಷವಾಗಿತ್ತು. ಮೊದಲು ಹಲ್ಲನ್ನು ಮೇಣದಲ್ಲಿ ನಿಲ್ಲಿಸಿ ಬಾಯಿಗಿಟ್ಟು ನೋಡುವುದು, ಒಪ್ಪಿಗೆಯಾದ ಮೇಲೆ ಗಟ್ಟಿ ಮಾಡುವುದು ಅವರ ಕ್ರಮ. ಬದಲಿಸುವುದಿದ್ದರೆ ಇವತ್ತೇ ಹೇಳಬೇಕು.

"ಎದುರಿನ ಹಲ್ಲು ಉದ್ದಕ್ಕೆ ಹತ್ತು ಪಾಲಾದರೆ ಅಗಲಕ್ಕೆ ಎಂಟು. ಬದಿಯದ್ದು ಇನ್ನೂ ಸಪೂರ. ನಗುವಾಗ ಚಂದ ಕಾಣುದು ಈ ಲೆಕ್ಕಕ್ಕೆ. ಎಂತ ಹೇಳ್ತೀರಿ?"

ದೇವಮ್ಮ ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡಳು.

ಮಗಳು ಸೇವಂತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಬೆಂಚಿನಲ್ಲಿ ಕುಳಿತಿದ್ದಳು. ಹೋದ ತಿಂಗಳು ಅವಳನ್ನು ನೋಡಲು ಬಂದ ಕಲ್ಲುಗುಂಡಿಯವರು ಅಂಗಳ ಇಳಿಯುವಾಗ, "ಎಲ್ಲ ಸರಿ. ಆ ಎರಡು ಹಲ್ಲು ಮಾತ್ರ ಬಾಗಿಲಿನ ಹಲಗೆಯ ಹಾಗೆ," ಎಂದು ನಗಾಡಿದ್ದು ಅವಳ ಕಿವಿಗೆ ಬಿದ್ದಿತ್ತು. ಆವತ್ತಿನಿಂದ ಸೆರಗು ಬಾಯಿಯಿಂದ ಇಳಿದಿರಲಿಲ್ಲ. ಬರುವ ಆದಿತ್ಯವಾರ ಕಡಬದಿಂದ ಬೇರೆಯವರು ಬರುವವರಿದ್ದರು.

"ಅಮ್ಮನಿಗೆ ಚಂದ ಆಯ್ತು," ಎಂದಳು. ಮತ್ತೆ ಸ್ವರ ತಗ್ಗಿಸಿ, "ಡಾಕ್ಟ್ರೇ, ನನ್ನದನ್ನೂ ಅರದಲ್ಲಿ ಉಜ್ಜಿ ಹೀಗೇ ಸಣ್ಣ ಮಾಡ್ಲಿಕ್ಕೆ ಆಗ್ತದಾ? ಆದಿತ್ಯವಾರದ ಒಳಗೆ?"

"ಆಗ್ತದೆ. ಆದರೆ ಉಜ್ಜಿದ್ದು ಮತ್ತೆ ಬೆಳೀಲಿಕ್ಕಿಲ್ಲ ಮಾರಾಯ್ತಿ. ತಣ್ಣೀರು ಕುಡಿದರೂ ಜುಂ ಅಂತದೆ. ಅಮ್ಮನ ಹತ್ರ ಕೇಳು."

ದೇವಮ್ಮ ಎರಡು ಬೆರಳು ಹಾಕಿ ಮೇಣದ ಸೆಟ್ಟನ್ನು ಹೊರತೆಗೆದಳು. ಕೆನ್ನೆ ಒಳಗೆ ಹೋಯಿತು.

"ಇದು ಬೇಡ ಡಾಕ್ಟ್ರೇ. ಯಾರದ್ದೋ ಬಾಯಿ ಇದು."

"ಎಂತ ಮಾರಾಯ್ರೆ! ಎಲ್ಲರೂ ಕೇಳುದು ಇದನ್ನೇ."

"ನನ್ನದು ಹೇಗಿತ್ತು ಅಂತ ಬೇಕಾದರೆ ಅಲ್ಲಿ ನೋಡಿ," ಎಂದು ಮಗಳ ಕಡೆ ತೋರಿಸಿದಳು. "ಇವಳ ಅಪ್ಪ ನೋಡ್ಲಿಕ್ಕೆ ಬಂದಾಗ ನಾನು ನಕ್ಕದ್ದು ಅದೇ ಹಲ್ಲಲ್ಲಿ. ಆ ಅಳತೆಗೆ ಮಾಡಿ."

"ಅಮ್ಮಾ, ಮರುಳಾ ಎಂತ!"

"ಸೆರಗು ತೆಗಿ ಮಗಾ," ತಿರುಮಲೇಶ್ವರ ಅಳತೆಯ ಕಡ್ಡಿ ಹಿಡಿದು ಬಂದರು. "ಹಲ್ಲು ಕಾಣದೆ ಅಳತೆ ತೆಗೆಯುದು ಹೇಗೆ?"

ಸೇವಂತಿ ಅಮ್ಮನನ್ನು ನೋಡಿದಳು. ಹಲ್ಲಿಲ್ಲದ ಬಾಯಿಯನ್ನು ಬಿಗಿಹಿಡಿದು ದೇವಮ್ಮ ಕಾಯುತ್ತಿದ್ದಳು. ಸೆರಗು ಇಳಿಯಿತು.

"ಉದ್ದ ಹತ್ತಕ್ಕೆ ಅಗಲವೂ ಹತ್ತು," ಎಂದು ಗೊಣಗಿ ಅವರು ಕೆಳಗಿನ ಡ್ರಾಯರಿನಿಂದ ಒಂದು ಪೆಟ್ಟಿಗೆ ತೆಗೆದು ಧೂಳು ಊದಿದರು. ಸ್ಪಿರಿಟ್ ದೀಪಕ್ಕೆ ಚೂರಿ ಹಿಡಿದು ಮೇಣ ಮೆತ್ತಗೆ ಮಾಡಿ, ಎರಡು ಸಣ್ಣ ಹಲ್ಲು ಕಿತ್ತು ಎರಡು ದೊಡ್ಡದನ್ನು ನಿಲ್ಲಿಸಿದರು. ಆರಿದ ಮೇಲೆ ದೇವಮ್ಮನ ಬಾಯಿಗಿಟ್ಟರು. ಮೊಳೆಯಿಂದ ಕನ್ನಡಿ ಬಿಡಿಸಿ ಸೇವಂತಿಗೆ ಕೊಟ್ಟು, "ಕಿಟಕಿಯ ಬೆಳಕಿಗೆ ಹಿಡಿ. ಭಾರ ಉಂಟು, ಎರಡು ಕೈ ಕೊಡು," ಎಂದರು.

ದೇವಮ್ಮ ನೋಡಿಕೊಂಡು ನಕ್ಕಳು.

"ಅಯ್ಯೋ, ನನ್ನ ಹಾಗೇ!" ಎಂದಳು ಸೇವಂತಿ.

"ನಿನ್ನದು ಉಜ್ಜುದಾ?" ತಿರುಮಲೇಶ್ವರ ಕೇಳಿದರು.

"ಕಡಬದವರು ಬಂದು ಹೋಗ್ಲಿ."

ಹೇಳುತ್ತ ಅವಳಿಗೂ ನಗು ಬಂತು. ಸೆರಗು ಹೆಗಲಿನಿಂದ ಜಾರಿತ್ತು. ಎರಡೂ ಕೈಯಲ್ಲಿ ಕನ್ನಡಿ ಹಿಡಿದೇ ನಿಂತಿದ್ದಳು.