ಮುಂದಿನ ಬ್ರೇಕು

"ಮುಂದಿನ ಬ್ರೇಕ್ ಎಲ್ಲೈತ್ರಿ ಸಾಹೇಬ್ರ?" ಹ್ಯಾಂಡಲ್ ತಡವುತ್ತಾ ಕಾಶಪ್ಪ ಕೇಳಿದ.

ಅವಧೂತ ಥಟ್ಟನೆ ಬಾಗಿಲ ಕಡೆ ನೋಡಿದ. ಅವನು ಏಳು ವರ್ಷ ತಾಡಪತ್ರಿಯಡಿ ಮುಚ್ಚಿಟ್ಟಿದ್ದ ಮೋಟಾರ್‌ಸೈಕಲ್ ಕೊಳ್ಳಲು ಬಂದಿದ್ದ ಈ ಕಟ್ಟಡ ಕೆಲಸದ ಮುಕಾದಮ, ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಇಂದೂಳ ಮುಂದೆಯೇ ಕೇಳಿಬಿಟ್ಟಿದ್ದ.

"ಮಣ್ಣಿನ ರೇಸಿಗೆ ಅದನ್ನ ಇಡೂದಿಲ್ರಿ. ತಿರುವಿನ್ಯಾಗ ಮುಂದಿನ ಗಾಲಿ ಹಿಡದ್ರ ಬಿದ್ದಂಗ. ಎಡಗಾಲಿಗೆ ಕಬ್ಬಿಣದ ತಳ ಕಟ್ಕೊಂಡು, ಅದನ್ನ ಊರಿ, ಗಾಡಿ ಜಾರಿಸ್ಕೋತನ ತಿರಗೂದು," ಎಂದ ಅವಧೂತ.

"ರೋಡಿಗೆ?"

"ರೋಡಿಗೆ... ಮತ್ತ ಕೂಡಸ್ತೀವ್ರಿ."

ಒಂಬತ್ತು ವರ್ಷ ಪುಣೆಯ ಮಣ್ಣಿನ ಟ್ರ್ಯಾಕುಗಳಲ್ಲಿ ಧೂಳೆಬ್ಬಿಸಿದವನು ಅವಧೂತ. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಬ್ರೇಕಿನ ಹಿಡಿಕೆ, ಕೇಬಲ್ಲು ಬಿಚ್ಚಿಟ್ಟು ಗೆಳೆಯನ ಟೆಂಪೋದಲ್ಲಿ ಗಾಡಿ ಒಯ್ಯುವುದು, ಸಂಜೆ ಬಂದವನೇ ಮತ್ತೆ ಕೂಡಿಸುವುದು, ಇದು ಅವನಿಗೆ ದೇವರ ಪೂಜೆಯಷ್ಟೇ ನೇಮದ ಕೆಲಸ. ಇಸವಿ ಎಪ್ಪತ್ತೇಳರ ಒಂದು ಭಾನುವಾರ ಮಾತ್ರ ಮತ್ತೆ ಕೂಡಿಸುವುದು ತಪ್ಪಿತು. ಅಂದು ಮೊದಲ ಬಾರಿಗೆ ದೊಡ್ಡ ಕಪ್ಪು ಗೆದ್ದಿದ್ದ. ಕೊರಳಿನ ಹಾರವನ್ನೂ ತೆಗೆಯದೆ ಇಂದೂಳನ್ನು ಹಿಂದೆ ಕೂರಿಸಿಕೊಂಡು ಊಟಕ್ಕೆಂದು ಹೊರಟ. ಸ್ವಾರಗೇಟಿನ ಹತ್ತಿರ ಮುಂದಿದ್ದ ರಿಕ್ಷಾ ನಿಂತಿತು. ಅವನ ಗಾಡಿ ನಿಲ್ಲಲಿಲ್ಲ. ಅವನ ಮೊಣಕೈ ತರಚಿತು, ಅಷ್ಟೆ. ಇಂದೂಳ ಬಲಗಾಲು ಇಂದಿಗೂ ಮಡಚುವುದಿಲ್ಲ.

ರಿಕ್ಷಾದವನದೇ ತಪ್ಪೆಂದು ಎಲ್ಲರಿಗೂ ಹೇಳಿದ. ಅವನಿಗಿಂತ ಜೋರಾಗಿ ಇಂದೂ ಹೇಳಿದಳು. ಅವಳು ಆಸ್ಪತ್ರೆಯಿಂದ ಮನೆಗೆ ಬಂದು ಎಷ್ಟೋ ದಿನಗಳ ಮೇಲೆ ಹುಡುಕಿದರೆ ಬಿಚ್ಚಿಟ್ಟ ಹಿಡಿಕೆ ಸಿಗಲಿಲ್ಲ. ಸಿಗದಿದ್ದುದೇ ಒಳ್ಳೆಯದಾಯಿತೆಂದು ನಿರಾಳನಾದ. ಅವಳು ಆ ಬಡಪಾಯಿ ರಿಕ್ಷಾದವನಿಗೆ ಶಾಪ ಹಾಕಿದಾಗಲೆಲ್ಲ ಇವನು ತಲೆ ತಗ್ಗಿಸುತ್ತಿದ್ದ. ಮತ್ತೆ ಟ್ರ್ಯಾಕಿಗೆ ಇಳಿಯಲಿಲ್ಲ, ನಿಜವನ್ನೂ ಹೇಳಲಿಲ್ಲ. ಕಪ್ಪು ಗೆದ್ದವನಿಗೆ ಇಷ್ಟು ಧೈರ್ಯ ಬರಲಿಲ್ಲ ನೋಡಿ.

ಇಂದೂ ಚಹಾ ಇಟ್ಟು, ಕಾಲೆಳೆಯುತ್ತಾ ಒಳಗೆ ಹೋದಳು. ಎಲ್ಲ ಮುಗಿಯಿತು ಎಂದುಕೊಂಡ ಅವಧೂತ. ಅವಳು ಹಳೆಯ ಬಿಸ್ಕಿಟ್ ಡಬ್ಬಿ ಹಿಡಿದು ಹೊರಗೆ ಬಂದಳು. ಅದರಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿದ ಹಿಡಿಕೆ, ಕೇಬಲ್ಲು ಇದ್ದವು.

"ಇದು... ನಿನಗೆಲ್ಲಿ ಸಿಕ್ತು?"

"ಅವತ್ತ ಅಡಗಿಮನಿ ಕಟ್ಟಿ ಮ್ಯಾಲೆ ಇತ್ತಲ್ರಿ. ಹೊರಡೂಕಿಂತ ಮದ್ಲ ನೋಡಿದ್ದೆ. ದವಾಖಾನಿಯಿಂದ ಬಂದ ಮ್ಯಾಲೆ ನಾನ ಎತ್ತಿಟ್ಟೆ."

"ಮತ್ತ ಹೇಳಲಿಲ್ಲ?"

"ಹೆಂಗ ಹೇಳ್ಲಿ? ಕಪ್ ಹಿಡ್ಕೊಂಡು ಬಾಗಿಲದಾಗ ನಿಂತಿದ್ರಿ. ನಿಮ್ಮ ಮಾರಿ ಅಷ್ಟು ಅರಳಿದ್ದು ನಾ ಎಂದೂ ನೋಡಿರಲಿಲ್ಲ. ಇದನ್ನ ಕೂಡಸ್ಕೋತ ಕುಂತ್ರ ಆ ಖುಷಿ ಇಳೀತದ ಅನಸ್ತು... ನಿಧಾನ ಹೋಗ್ತೀರಂತ ತಿಳದೆ."

ಕಾಶಪ್ಪ ಚಹಾದ ಕಪ್ಪು ಕೆಳಗಿಟ್ಟು ಗಾಡಿಯಿಂದ ಹಿಂದೆ ಸರಿದ.

ಅವಧೂತ ನಟ್ಟು ಬಿಗಿಯುವ ಪಾನಾ ತೆಗೆದುಕೊಂಡು ಗಾಡಿಯ ಮುಂದೆ ಕುಕ್ಕರಿಸಿದ. ಏಳು ವರ್ಷವಾದರೂ ಕೈ ಕೆಲಸ ಮರೆತಿರಲಿಲ್ಲ. ಕೇಬಲ್ಲು ಬಿಗಿದಾದ ಮೇಲೆ ಮುಂದಿನ ಗಾಲಿಯನ್ನು ನೆಲದಿಂದೆತ್ತಿ ಜೋರಾಗಿ ತಿರುಗಿಸಿದ.

"ಒತ್ತು," ಎಂದ ಇಂದೂಳಿಗೆ.

ಅವಳು ಒತ್ತಿದಳು. ಗಾಲಿ ತಟ್ಟನೆ ನಿಂತಿತು.