ಹದಿನೇಳನೆಯ ಗಿಡ

ಸೊಪ್ಪು ಬೇಯುವ ಆ ವಾಸನೆ ಮೂಗಿನಲ್ಲಿ ನಿಲ್ಲದೆ ನೇರವಾಗಿ ಗಂಟಲಿಗೆ ಇಳಿಯುತ್ತಿತ್ತು. ಮೊದಲು ಕಹಿ, ಅದರ ಬೆನ್ನಿಗೇ ಒದ್ದೆ ಗೋಣಿಚೀಲದ ಮುಗ್ಗಲು, ಕೊನೆಗೆ ತಳ ಹಿಡಿದ ಪಾತ್ರೆಯ ಕಮಟು. ಅವಳಿಗೆ ಒಂಬತ್ತು ವರ್ಷವಿದ್ದಾಗ ನಾಲ್ಕು ತಿಂಗಳ ಕಾಲ ಮನೆಯ ಹೊದಿಕೆ, ಪರದೆ, ಅವಳ ಶಾಲೆಯ ಚೀಲ ಎಲ್ಲಕ್ಕೂ ಅದೇ ವಾಸನೆ ಹತ್ತಿಕೊಂಡಿತ್ತು. ಒಳಕೋಣೆಯಲ್ಲಿ ಕ್ಷಯ ಹಿಡಿದ ಅಪ್ಪ ಕೆಮ್ಮುತ್ತಿದ್ದರು. ಒಲೆಯ ಮುಂದೆ ಅಮ್ಮ ಹಿತ್ತಲಿನ ಗಿಡದ ಎಲೆ ಕುದಿಸುತ್ತಿದ್ದಳು. ಅಪ್ಪನನ್ನು ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕಾಲ ಮಿಂಚಿತ್ತು.

ಈಗ ಅವಳಿಗೆ ನಲವತ್ತಾರು. ಪ್ರಯೋಗಾಲಯದಲ್ಲಿ ಹದಿನೇಳನೆಯ ಬುಡ್ಡಿಯ ಮುಚ್ಚಳ ತೆಗೆದಾಗಲೆಲ್ಲ ಆ ವಾಸನೆ ಬರುತ್ತದೆ. ಆದರೆ ಈ ಮಂಗಳವಾರ ಬೆಳಿಗ್ಗೆ ಅವಳು ಬುಡ್ಡಿಯ ಕಡೆ ನೋಡಲೇ ಇಲ್ಲ. ಕಿಟಕಿಯ ಬೆಳಕಿಗೆ ಗಾಜಿನ ತಟ್ಟೆಯೊಂದನ್ನು ಹಿಡಿದು ನಿಂತೇ ಇದ್ದಳು. ತಟ್ಟೆಯ ತುಂಬ ಕೆನೆಬಣ್ಣದ ಕ್ರಿಮಿಗಳು ಬೆಳೆದಿದ್ದವು. ಹದಿನೇಳು ಎಂದು ಗುರುತು ಹಾಕಿದ ಕಾಗದದ ಬಿಲ್ಲೆಯ ಅಂಚಿನವರೆಗೂ ಒತ್ತರಿಸಿಕೊಂಡು ಬಂದು ಕೂತಿದ್ದವು, ಒಂದಿಷ್ಟೂ ಅಂಜಿಕೆಯಿಲ್ಲದೆ.

ಕ್ಷಯದ ನಿಜವಾದ ಕ್ರಿಮಿಯನ್ನು ಇಟ್ಟುಕೊಳ್ಳುವಷ್ಟು ಭದ್ರವಾದ ಕೋಣೆ ಅಲ್ಲಿರಲಿಲ್ಲ. ಅದರ ಕುಲಕ್ಕೇ ಸೇರಿದ, ಆದರೆ ಸಾಧುವಾದ, ಮೂರೇ ದಿನದಲ್ಲಿ ಬೆಳೆಯುವ ಇನ್ನೊಂದು ಕ್ರಿಮಿಯನ್ನು ಸಾಕಿಕೊಂಡಿದ್ದರು. ಎಲ್ಲರೂ ಅದನ್ನು ದಾಯಾದಿ ಎಂದೇ ಕರೆಯುತ್ತಿದ್ದರು. ಗಿಡದ ಸಾರವನ್ನು ಪುಟ್ಟ ಬಿಲ್ಲೆಗೆ ಹೀರಿಸಿ, ಒಣಗಿಸಿ, ದಾಯಾದಿಯನ್ನು ಬಿತ್ತಿದ ತಟ್ಟೆಯ ಮೇಲೆ ಇಡಬೇಕು. ಗಿಡದಲ್ಲಿ ಸತ್ವವಿದ್ದರೆ ಬಿಲ್ಲೆಯ ಸುತ್ತ ಕ್ರಿಮಿ ಬೆಳೆಯದೆ ತಿಳಿಯಾದ ಒಂದು ಉಂಗುರ ಉಳಿಯುತ್ತದೆ. ಪಕ್ಕದಲ್ಲಿ, ಸಾರ ಕರಗಿಸಲು ಬಳಸಿದ ದ್ರಾವಕವನ್ನಷ್ಟೇ ಹೀರಿದ ಬಿಲ್ಲೆಯೊಂದು ಸಾಕ್ಷಿಯಂತೆ ಇರಬೇಕು. ಅದರ ಸುತ್ತ ಏನೂ ಆಗದಿದ್ದರೆ ಮಾತ್ರ ಗಿಡದ ಮಾತು ನಂಬಬಹುದು.

ಮೂರು ವರ್ಷದಲ್ಲಿ ಅವಳು ನಲವತ್ತೊಂದು ಗಿಡಗಳನ್ನು ಹೀಗೆ ನೋಡಿದ್ದಳು. ಉಳಿದವರು ಹಿಂದಿನಿಂದ ಅವಳನ್ನು ಕಷಾಯ ಮೇಡಂ ಎನ್ನುತ್ತಿದ್ದರು, ಅದು ಅವಳಿಗೂ ಗೊತ್ತಿತ್ತು. ಬಾಡಿಗೆಯ ಕೋಣೆಯಿಂದ ಪ್ರಯೋಗಾಲಯ, ಪ್ರಯೋಗಾಲಯದಿಂದ ಕೋಣೆ. ರಜೆಯ ದಿನ ಯಾರ ಜೊತೆಗೂ ಒಂದು ಮಾತಾಡದೆ ಸಂಜೆಯಾಗಿಬಿಡುವುದೂ ಇತ್ತು. ಹದಿನೇಳನೆಯ ಗಿಡ ತನ್ನ ಮನೆಯ ಹಿತ್ತಲಿನದು ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಪುಸ್ತಕದಲ್ಲಿ ಅದಕ್ಕೊಂದು ಸಂಖ್ಯೆ ಮಾತ್ರ ಇತ್ತು.

ಹೋದ ವಾರ ಅದರ ಸುತ್ತ ಉಂಗುರ ಬಿದ್ದಿತ್ತು. ಹದಿನಾಲ್ಕು ಮಿಲಿಮೀಟರ್.

ಮೂರು ಸಲ ಒಂದೇ ಉತ್ತರ ಬರುವವರೆಗೆ ಬಾಯಿ ಬಿಡಬಾರದು ಎಂದು ಇಪ್ಪತ್ತು ವರ್ಷ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವಳು, ಆ ಸಂಜೆಯೇ ಅಮ್ಮನಿಗೆ ಫೋನ್ ಮಾಡಿದ್ದಳು. ಅಮ್ಮ ಇದ್ದದ್ದು ಬೇರೆ ಊರಿನಲ್ಲಿ, ಮಗನ ಮನೆಯಲ್ಲಿ.

"ಅಮ್ಮ, ಅಪ್ಪನಿಗೆ ಒಂದು ಎಲೆ ಕುದಿಸಿ ಕೊಡ್ತಿದ್ದೆಯಲ್ಲ, ಅದು ಇಲ್ಲಿ ಕ್ರಿಮೀನ ತಡೆದಿದೆ."

ಅಮ್ಮ "ತಾಳು ಪುಟ್ಟಿ, ಟೀವಿ ಆರಿಸಿ ಬರ್ತೀನಿ. ಇನ್ನೊಂದ್ಸಲ ಹೇಳು" ಎಂದಳು.

ಮಾರನೆಯ ದಿನ ಅಮ್ಮನೇ ಫೋನ್ ಮಾಡಿದಳು. ಅವಳ ದನಿಯೇ ಬೇರೆಯಾಗಿತ್ತು.

"ನಿಮ್ಮತ್ತೆಗೆ ಫೋನ್ ಮಾಡಿದ್ದೆ ಕಣೇ."

ಅತ್ತೆ, ಅಂದರೆ ಅಪ್ಪನ ಅಕ್ಕ. ಮೂವತ್ತೇಳು ವರ್ಷದ ಹಿಂದೆ ಆಸ್ಪತ್ರೆಯ ಓಣಿಯಲ್ಲಿ ನಿಂತು, ಹತ್ತು ಜನರ ಎದುರಿಗೆ, "ಸೊಪ್ಪು ಕುಡಿಸಿ ಕುಡಿಸಿ ನನ್ನ ತಮ್ಮನ್ನ ನುಂಗಿಬಿಟ್ಟೆಯಲ್ಲೇ" ಎಂದು ಅಮ್ಮನಿಗೆ ಹೇಳಿ ಹೋದವರು ಮತ್ತೆ ಹೊಸ್ತಿಲು ತುಳಿದಿರಲಿಲ್ಲ. ಅಮ್ಮ ಆ ಮಾತಿಗೆ ಎಂದೂ ಎದುರಾಡಿರಲಿಲ್ಲ. ಅದನ್ನು ನುಂಗಿಕೊಂಡೇ ಮುದುಕಿಯಾಗಿದ್ದಳು.

"ಏನಂದ್ರು?"

"ಮೊದ್ಲು ನಾನ್ಯಾರು ಅಂತಾನೇ ತಿಳೀಲಿಲ್ಲ. ಕಿವಿ ಕೇಳ್ಸಲ್ಲ ಪಾಪ. ನಾನು ಕಿರುಚಿ ಕಿರುಚಿ ಹೇಳೋ ಹೊತ್ತಿಗೆ ಈ ಬೀದಿಯವರಿಗೆಲ್ಲ ನಿನ್ನ ಸಂಶೋಧನೆ ಬಾಯಿಪಾಠ ಆಯ್ತು. ಆಮೇಲೆ ಅತ್ತಿಗೆ ಅತ್ತರು. ನಾನೂ ಅತ್ಬಿಟ್ಟೆ. ಮುಂದಿನ ಭಾನುವಾರ ಬರ್ತಾರಂತೆ. ನನ್ನ ಮಂಚಾನೇ ಬಿಟ್ಟುಕೊಡ್ತೀನಿ, ಕಿಟಕಿ ಪಕ್ಕ ಗಾಳಿ ಚೆನ್ನಾಗಿ ಬರತ್ತೆ."

ಈಗ ಎರಡನೆಯ ಸಲದ ತಟ್ಟೆ ಅವಳ ಕೈಯಲ್ಲಿತ್ತು, ಉಂಗುರವಿರಲಿಲ್ಲ.

ಅವಳು ತೊಳೆಯುವ ಕೋಣೆಗೆ ಹೋದಳು. ಅಲ್ಲಿ ಗಾಜಿನ ಸಾಮಾನು ತೊಳೆಯುವ ಹೆಂಗಸು ಮೊಣಕೈಯವರೆಗೆ ನೊರೆ ಮಾಡಿಕೊಂಡು ನಿಂತಿದ್ದಳು. ಎಲ್ಲರಿಗೂ ಆಕೆ ಗಾಜಮ್ಮ.

"ಗಾಜಮ್ಮ, ಹೋದ ಸಲ ನಾನು ಬಿಲ್ಲೆ ಒಣಗೋಕೆ ಇಟ್ಟು ಮೀಟಿಂಗಿಗೆ ಹೋಗಿದ್ದೆ, ನೆನಪಿದೆಯಾ? ಅವತ್ತು ಏನಾದ್ರೂ ಆಗಿತ್ತಾ?"

"ಕರೆಂಟ್ ಹೋಗಿತ್ತಲ್ಲ ಮೇಡಂ. ಒಣಗಿಸೋ ಪೆಟ್ಟಿಗೆ ಎರಡು ಗಂಟೆ ತಣ್ಣಗೆ ಬಿದ್ದಿತ್ತು. ನನ್ನ ಗಾಜೆಲ್ಲ ಒದ್ದೆಮುದ್ದೆ. ನೀವು ಬರೋ ಹೊತ್ತಿಗೆ ಆಗಷ್ಟೇ ಕರೆಂಟ್ ಬಂದಿತ್ತು." ಆಕೆ ಕೈ ನಿಲ್ಲಿಸಿದಳು. "ನಾನು ಹೇಳ್ಬೇಕಿತ್ತೇನೋ. ನೀವು ಅವಸರದಲ್ಲಿ ಓಡ್ತಾ ಇದ್ರಿ, ತಡೆಯೋಕೆ ಮನಸ್ಸು ಬರ್ಲಿಲ್ಲ."

ಸಾಕ್ಷಿಯ ಬಿಲ್ಲೆ ಅದಕ್ಕೂ ಒಂದು ವಾರ ಮೊದಲೇ ಒಣಗಿಸಿ ಡಬ್ಬಿಯಲ್ಲಿಟ್ಟದ್ದು. ಅವತ್ತು ಪೆಟ್ಟಿಗೆಯಲ್ಲಿ ಇದ್ದದ್ದು ಹದಿನೇಳನೆಯ ಗಿಡದ್ದು ಮಾತ್ರ. ಆ ದ್ರಾವಕ ಬೇಗ ಆರುವಂಥದ್ದಲ್ಲ, ಒದ್ದೆಯಾಗಿದ್ದರೆ ತಾನೇ ಕ್ರಿಮಿಯನ್ನು ಕೊಲ್ಲಬಲ್ಲದು. ಅವಳು ಆಗಲೇ ಬರೀ ದ್ರಾವಕದಲ್ಲಿ ಅದ್ದಿದ ಬಿಲ್ಲೆಗಳನ್ನು, ಒಣಗಿಸದೆ, ಹೊಸ ತಟ್ಟೆಯ ಮೇಲಿಟ್ಟಳು. ಎಲೆಯ ಒಂದು ಹನಿಯೂ ಅದರಲ್ಲಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ತೆಗೆದು ಅಳೆದಳು. ಹದಿನಾಲ್ಕು ಮಿಲಿಮೀಟರ್.

ವಿಭಾಗದ ಮುಖ್ಯಸ್ಥರು ಕನ್ನಡಕ ಹಣೆಗೇರಿಸಿ ಎರಡೂ ತಟ್ಟೆ ನೋಡಿದರು. ಒಳ್ಳೆಯವರು, ಬಯ್ಯುವ ಅಭ್ಯಾಸವಿರಲಿಲ್ಲ. "ಹೋಗ್ಲಿ ಬಿಡಿ. ವಿಷಯ ಹೊರಗಡೆ ಹೋಗೋ ಮೊದಲೇ ಗೊತ್ತಾಯ್ತಲ್ಲ" ಎಂದರು.

ಅವಳು ಪುಸ್ತಕ ತೆರೆದು ಹಿಂದಿನ ದಾಖಲೆಯ ಮೇಲೆ ಅಡ್ಡಗೆರೆ ಎಳೆದು, ಕಾರಣ ಬರೆದು, ಸಹಿ ಹಾಕಿದಳು. ಪುಸ್ತಕದ ಮಟ್ಟಿಗೆ ಲೆಕ್ಕ ಸರಿಯಾಯಿತು. ಇನ್ನು ಅಮ್ಮ. ಭಾನುವಾರ ಒಂದು ಕಳೆದುಹೋಗಲಿ ಎಂದುಕೊಂಡಳು. ಇಬ್ಬರು ಮುದುಕಿಯರು ಕಿಟಕಿಯ ಪಕ್ಕ ಕೂತು ನಾಲ್ಕು ಮಾತಾಡಿದರೆ ಯಾರ ಗಂಟು ಹೋಗುತ್ತದೆ? ಆಮೇಲೆ ಎಂದಾದರೂ ಹೇಳಿದರಾಯಿತು. ಹೇಳದಿದ್ದರೂ ಆಯಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದು ಹೋದ ಮೇಲೆ ಅವಳು ಹಿಂಬದಿಯ ಮೆಟ್ಟಿಲ ಮೇಲೆ ಕೂತಿದ್ದಾಗ ಅಮ್ಮನ ಫೋನ್ ಬಂತು.

"ಪುಟ್ಟಿ, ಕೆಲಸದಲ್ಲಿದ್ದೀಯಾ? ಒಂದೇ ನಿಮಿಷ. ಆ ಎಲೆ ಎಷ್ಟು ಹೊತ್ತು ಕುದಿಸಿದ್ರೆ ಒಳ್ಳೇದು ಅಂತ ನಿಂಗೆ ಗೊತ್ತಿರತ್ತಲ್ಲ?"

"ಯಾಕಮ್ಮ?"

"ಅತ್ತಿಗೆ ಮೊಮ್ಮಗಳಿಗೆ ಕೆಮ್ಮಂತೆ. ಮೂರು ವಾರ ಆಯ್ತಂತೆ, ಸಂಜೆ ಜ್ವರಾನೂ ಬರತ್ತಂತೆ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗೋಣ ಅಂತಿದ್ರು. ನಾನೇ ಅಂದೆ, ಭಾನುವಾರ ಹೇಗೂ ಬರ್ತೀರಲ್ಲ, ಇಲ್ಲೂ ಹಿತ್ತಲಲ್ಲಿ ಆ ಗಿಡ ಇದೆ, ಎಲೆ ಕೊಟ್ಟು ಕಳಿಸ್ತೀನಿ, ಅದನ್ನ ಕುಡಿಸಿ ನೋಡಿ, ಆಸ್ಪತ್ರೆ ಎಲ್ಲಿಗೆ ಓಡಿ ಹೋಗತ್ತೆ ಅಂತ. ಅತ್ತಿಗೆ ಹೂಂ ಅಂದ್ಬಿಟ್ರು, ನೋಡು. ನನ್ನ ಮಾತಿಗೆ."

ಅವಳು ಮೆಟ್ಟಿಲಿನ ಕಂಬಿ ಹಿಡಿದುಕೊಂಡಳು.

"ಅಮ್ಮ, ಅದು ತಪ್ಪಾಗಿತ್ತು."

"ಯಾವ್ದು?"

"ಉಂಗುರ ಬಿದ್ದಿದ್ದು ಎಲೆಯಿಂದ ಅಲ್ಲ. ನಾನು ಬಿಲ್ಲೆ ಸರಿಯಾಗಿ ಒಣಗಿಸಿರ್ಲಿಲ್ಲ. ಔಷಧಿ ಕಲಸೋ ನೀರಿನಿಂದ ಆಗಿದ್ದು ಅದು. ಇವತ್ತು ಬೆಳಿಗ್ಗೆ ಖಾತ್ರಿಯಾಯ್ತು."

"ಅಂದ್ರೆ ಎಲೇಲಿ ಏನೂ ಇಲ್ವಾ?"

"ಇದೆ ಅಂತ ಹೇಳೋಕೆ ನನ್ನ ಹತ್ರ ಏನೂ ಇಲ್ಲಮ್ಮ."

ಆ ಕಡೆ ಯಾರೋ ನಲ್ಲಿ ತಿರುಗಿಸಿ ನಿಲ್ಲಿಸಿದ ಸದ್ದು. 

"ಆ ಹುಡುಗೀನ ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಕಫ ಪರೀಕ್ಷೆ ಮಾಡಿಸ್ಬೇಕು. ಭಾನುವಾರದವರೆಗೆ ಕಾಯೋದು ಬೇಡ" ಎಂದಳು ಅವಳು. "ಅತ್ತೆಗೆ ನಾನೇ ಫೋನ್ ಮಾಡ್ತೀನಿ. ತಪ್ಪು ನಂದು."

"ಬೇಡ." ಅಮ್ಮನ ದನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. "ಕಾಯಿರಿ ಅಂದೋಳು ನಾನು. ಹೋಗಿ ಅಂತಾನೂ ನಾನೇ ಹೇಳ್ತೀನಿ."

"ಅವರು ಏನಾದ್ರೂ ಅಂದ್ರೆ?"

"ಅಂತಾರೆ. ಅನ್ನದೇ ಇರ್ತಾರಾ? ಹುಡುಗಿ ಹುಷಾರಾದ್ರೆ ಸಾಕು. ನಿಮ್ಮಪ್ಪನಿಗೆ ಈ ಮಾತು ಹೇಳೋಕೆ ಯಾರೂ ಇರ್ಲಿಲ್ಲ." ಆಮೇಲೆ, "ಇಡ್ಲಾ ಪುಟ್ಟಿ? ಅವರಿಗೆ ಕಿರುಚಿ ಹೇಳ್ಬೇಕು. ಬಾಗಿಲು ಹಾಕ್ಕೊಂಡು ಮಾತಾಡ್ತೀನಿ" ಎಂದಳು.

ಫೋನ್ ಮಡಿಲಲ್ಲಿಟ್ಟುಕೊಂಡು ಅವಳು ಕೂತೇ ಇದ್ದಳು. ಕೆಳಗಿನ ಊಟದ ಕೋಣೆಯಿಂದ ಯಾರದೋ ನಗು ಮೆಟ್ಟಿಲು ಹತ್ತಿ ಬಂದು ನಿಂತುಹೋಯಿತು. ಈ ಹೊತ್ತಿಗೆ ಅಮ್ಮ ಬಾಗಿಲು ಹಾಕಿಕೊಂಡಿರಬಹುದು. ಸಂಖ್ಯೆ ಒತ್ತುತ್ತಿರಬಹುದು. ಅತ್ತೆಗೆ ಮೊದಲ ಸಲಕ್ಕೆ ಕೇಳಿಸಲಿಕ್ಕಿಲ್ಲ. ಆ ಮಾತನ್ನು ಅಮ್ಮ ಎರಡೆರಡು ಸಲ ಹೇಳಬೇಕಾಗುತ್ತದೆ.

ಹಿಂದೆ ಬಾಗಿಲು ಕಿರುಗುಟ್ಟಿತು. ಗಾಜಮ್ಮ ಬಂದು, ಒಂದು ಮೆಟ್ಟಿಲು ಮೇಲೆ, ತುಸು ದೂರದಲ್ಲಿ ಕೂತಳು. ನೀರಿನಲ್ಲಿ ನೆನೆದು ಬಿಳಿಚಿಕೊಂಡ ಬೆರಳುಗಳಿಂದ ತನ್ನ ಬುತ್ತಿ ಬಿಚ್ಚಿದಳು. ಮುಚ್ಚಳವನ್ನು ಮಗುಚಿ, ಅದಕ್ಕೆ ಅರ್ಧ ಅನ್ನ, ಅರ್ಧ ತರಕಾರಿ ಹಾಕಿದಳು. ಇದ್ದ ಒಂದು ಮೊಟ್ಟೆಯನ್ನು ಚಮಚದ ಅಂಚಿನಿಂದ ಎರಡು ಮಾಡಿ, ದೊಡ್ಡ ಹೋಳನ್ನು ಅನ್ನದ ಮೇಲಿಟ್ಟಳು. ಏನನ್ನೂ ಕೇಳದೆ ಮುಚ್ಚಳವನ್ನು ಅವಳ ಕೈಗೆ ಕೊಟ್ಟು, ಅಂಗಳದ ಕಡೆ ಮುಖ ತಿರುಗಿಸಿಕೊಂಡು ತಾನು ಉಣ್ಣತೊಡಗಿದಳು.