ಎಪ್ಪತ್ತು ಸಾವಿರದೊಳಗೆ ಒಂದು ರಿವಾಲ್ವರ್

ರಿವಾಲ್ವರ್ ಕೊಳ್ಳಬೇಕೆಂದು ಹೊರಟವನು ಮೊದಲು ಎರಡು ಜೊತೆ ಗಟ್ಟಿ ಚಪ್ಪಲಿ ಕೊಂಡಿಟ್ಟುಕೊಳ್ಳಬೇಕು. ನಾನು ಮೂರು ವರ್ಷದಲ್ಲಿ ಸವೆಸಿದ್ದು ನಾಲ್ಕು ಜೊತೆ. ಪಿರಿಯಾಪಟ್ಟಣ, ಹುಣಸೂರು, ಮೈಸೂರು, ಮತ್ತೆ ಪಿರಿಯಾಪಟ್ಟಣ. ಒಂದು ಕಡೆ ಸಾಹೇಬರು ಮೀಟಿಂಗಿನಲ್ಲಿ, ಇನ್ನೊಂದು ಕಡೆ ಸಾಹೇಬರಿಗೇ ವರ್ಗ. ಠಾಣೆಯ ವರದಿ ಬಂದಿಲ್ಲ ಎಂದರು. ಬಂದ ಮೇಲೆ ಅದು ಹಳೆಯದಾಯಿತು, ಹೊಸದು ತನ್ನಿ ಎಂದರು. ಬಂದೂಕು ಹಿಡಿಯುವ ತರಬೇತಿಯ ಸರ್ಟಿಫಿಕೇಟ್ ಬೇಕೆಂದರು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಹುಡುಗರ ಜೊತೆ ಸಾಲಿನಲ್ಲಿ ನಿಂತು ಅದನ್ನೂ ಕಲಿತೆ. ಕೊನೆಗೆ ಲೈಸೆನ್ಸ್ ಕೈಗೆ ಬಂದ ದಿನ ಖುಷಿ ಪಡುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ಅದಕ್ಕೂ ಒಂದು ಗಡುವು ಬೇರೆ. ಅಷ್ಟು ದಿನದೊಳಗೆ ಆಯುಧ ಕೊಳ್ಳದಿದ್ದರೆ ಲೈಸೆನ್ಸೇ ರದ್ದು. ದುಡ್ಡು ಹೊಂದಿಸುತ್ತ ಹೊಂದಿಸುತ್ತ ಗಡುವಿಗೆ ಹನ್ನೆರಡು ದಿನ ಉಳಿದಾಗ, ಎಪ್ಪತ್ತು ಸಾವಿರ ಜೇಬಿನಲ್ಲಿಟ್ಟುಕೊಂಡು ಮೈಸೂರಿಗೆ ಹೊರಟೆ. ಜೊತೆಗೆ ನನ್ನ ಹೆಂಡತಿ ಭಾಗ್ಯ, ಮತ್ತೆ ಮೂರ್ತಿ. ಮೂರ್ತಿ ನನ್ನ ಜೊತೆ ಹಾರನಹಳ್ಳಿ ಶಾಲೆಯಲ್ಲಿ ಓದಿದವನು, ಮಿಲಿಟರಿಯಲ್ಲಿ ಹವಾಲ್ದಾರನಾಗಿ ನಿವೃತ್ತನಾಗಿ ಬಂದವನು. ಬಂದೂಕಿನ ವಿಷಯ ಎತ್ತಿದರೆ ಅವನಿಗೆ ಊಟ ಬೇಡ. ಅವನ ಹಳೆಯ ಓಮ್ನಿಯಲ್ಲೇ ಹೋದೆವು.

ನನಗೆ ಬಂದೂಕಿನ ಶೋಕಿ ಇಲ್ಲ. ಹಂದಿ ಬಂದರೆ ಪಟಾಕಿ ಹೊಡೆಯುತ್ತೇನೆ, ಆನೆ ಬಂದರೆ ಮನೆಯೊಳಗೆ ಹೋಗುತ್ತೇನೆ. ಇದೆಲ್ಲ ಶುರುವಾದದ್ದು ಭಾಗ್ಯಳಿಗಾಗಿ.

ನಮ್ಮ ಮನೆ ಇರುವುದು ಊರಿಂದ ಅರ್ಧ ಮೈಲಿ ಆಚೆ, ಹೊಲದಲ್ಲಿ. ಮನೆ, ಪಕ್ಕದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್, ಒಂದು ಕೊಟ್ಟಿಗೆ. ಮೂರು ವರ್ಷದ ಹಿಂದೆ ನವೆಂಬರಿನಲ್ಲಿ, ಹಾಡುಹಗಲು ಹನ್ನೊಂದು ಗಂಟೆಯಲ್ಲಿ, ಬೈಕಿನಲ್ಲಿ ಬಂದ ಇಬ್ಬರು ಕುಡಿಯಲು ನೀರು ಕೇಳಿದರು. ಭಾಗ್ಯ ಒಬ್ಬಳೇ ಇದ್ದಳು. ಯಾಕೋ ಸರಿಯಿಲ್ಲ ಅನ್ನಿಸಿ, ನೀರು ತರುತ್ತೇನೆಂದು ಒಳಗೆ ಹೋದವಳು ಅಡಿಗೆ ಮನೆಯಿಂದ ನನಗೆ ಫೋನು ಮಾಡಿದಳು. ನಾನು ಎತ್ತಲಿಲ್ಲ. ಅವಳು ಚೊಂಬು ಹಿಡಿದು ತಿರುಗುವಷ್ಟರಲ್ಲಿ ಅವರು ಒಳಗೇ ಬಂದಿದ್ದರು. ಸೊಪ್ಪು ಹೆಣೆಯುವ ದಾರದಲ್ಲೇ ಅವಳನ್ನು ಬ್ಯಾರನ್ನಿನ ಕಂಬಕ್ಕೆ ಕಟ್ಟಿ, ಬಾಯಿಗೆ ಬಟ್ಟೆ ತುರುಕಿ, ಮಾಂಗಲ್ಯದ ಸರ, ಓಲೆ ಕಿತ್ತುಕೊಂಡು ಹೋದರು. ನಾನು ಬಂದಾಗ ಮಧ್ಯಾಹ್ನ ಎರಡೂವರೆ. ಅವಳ ಮಣಿಕಟ್ಟಿನಲ್ಲಿ ದಾರದ ಗುರುತು ಈಗಲೂ ಇದೆ.

ನಾನು ಆ ಹೊತ್ತಿನಲ್ಲಿ ಹೊಗೆಸೊಪ್ಪಿನ ಹರಾಜಿನಲ್ಲಿದ್ದೆ. ಗದ್ದಲದಲ್ಲಿ ಫೋನು ಕೇಳಿಸಲಿಲ್ಲ ಎಂದು ಅವಳಿಗೆ ಹೇಳಿದೆ. ಪೊಲೀಸಿನವರಿಗೂ ಹೇಳಿದೆ, ನೆಂಟರಿಗೂ ಹೇಳಿದೆ. ಅದು ಸುಳ್ಳು. ಫೋನು ಕೇಳಿಸಿತ್ತು. ಜೇಬಿನಿಂದ ತೆಗೆದು ಅವಳ ಹೆಸರನ್ನೂ ನೋಡಿದ್ದೆ. ಆಗ ಖರೀದಿದಾರರು ನನ್ನ ಬೇಲುಗಳ, ಅಂದರೆ ಸೊಪ್ಪಿನ ಮೂಟೆಗಳ, ಸಾಲಿಗೆ ಬಂದಿದ್ದರು. ರೇಟು ಒಪ್ಪಿಗೆಯಾಗದಿದ್ದರೆ ಅಲ್ಲೇ ಹೇಳಬೇಕು, ಅವರು ಮುಂದಿನ ಮೂಟೆಗೆ ಹೋದರೆ ಮುಗಿಯಿತು. ಗ್ಯಾಸೋ, ಕರೆಂಟೋ, ಇನ್ನೇನೋ ಇರುತ್ತದೆ ಎಂದುಕೊಂಡು ಕಟ್ ಮಾಡಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಅವತ್ತಿನಿಂದ ಭಾಗ್ಯ ಒಬ್ಬಳೇ ಮನೆಯಲ್ಲಿ ಇದ್ದದ್ದಿಲ್ಲ. ನಾನು ಹೊರಗೆ ಹೊರಟರೆ ಅವಳೂ ಬೀಗ ಹಾಕಿಕೊಂಡು ಊರೊಳಗೆ ಪರಿಚಯದ ಮಲ್ಲಾಜಮ್ಮನ ಜಗಲಿಗೆ ಹೋಗಿ ಕೂರುತ್ತಿದ್ದಳು. ಹಸು ಕೂಗುತ್ತಿದ್ದರೂ ಬರುತ್ತಿರಲಿಲ್ಲ. ಮನೆಯಲ್ಲಿ ನಾನಿದ್ದಾಗಲೂ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿರಲಿಲ್ಲ. ತಾನೇ ನಿಂತು ಕಟ್ಟಿಸಿದ ಮನೆ ಅದು, ಒಂದೊಂದು ಇಟ್ಟಿಗೆಗೂ ನೀರು ಹಾಕಿದ್ದಾಳೆ. ಆ ಮನೆಯಲ್ಲಿ ನೆಂಟರ ಹಾಗೆ ಓಡಾಡುತ್ತಿದ್ದಳು. ಒಂದು ರಿವಾಲ್ವರ್ ಇದ್ದರೆ ಅವಳಿಗೆ ಧೈರ್ಯ ಬಂದೀತು, ಮನೆ ಮತ್ತೆ ಅವಳದಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಅವಳನ್ನು ಕೇಳಿದಾಗ, ನಿಮ್ಮಿಷ್ಟ, ಎಂದಿದ್ದಳು. ನಾನು ಅದನ್ನೇ ಒಪ್ಪಿಗೆ ಎಂದುಕೊಂಡೆ.

ಮೈಸೂರಿನ ಆ ಅಂಗಡಿ ಹೊರಗಿನಿಂದ ಕನ್ನಡಕದ ಅಂಗಡಿಯ ಹಾಗಿತ್ತು. ಮಾಲೀಕ ರೇಣುಕಾಪ್ರಸಾದ್ ಎಂಬುವರು, ಅರವತ್ತು ದಾಟಿದ ಮನುಷ್ಯ, ನಮ್ಮನ್ನು ಕೂರಿಸಿ ಮೊದಲು ಲೈಸೆನ್ಸ್ ತೆಗೆದುಕೊಂಡು ಓದಿದರು. ಆಮೇಲೆ ಎಷ್ಟರವರೆಗೆ ನೋಡುತ್ತೀರಿ ಎಂದು ಕೇಳಿದರು. ಎಪ್ಪತ್ತು ಎಂದೆ. ಅವರು ಮುಖ ಸಿಂಡರಿಸಲಿಲ್ಲ, ಅಷ್ಟೇ ದೊಡ್ಡದು.

ಮೊದಲು ತೋರಿಸಿದ್ದು ಹೊಸದು, ಸರ್ಕಾರಿ ಕಾರ್ಖಾನೆಯದು. ಎತ್ತಿಕೊಂಡರೆ ಕೈಗೆ ಹದವಾಗಿ ಕೂರುತ್ತಿತ್ತು. ರೇಟು ಕೇಳಿ ಮೆಲ್ಲಗೆ ಗಾಜಿನ ಮೇಲೆ ಇಟ್ಟೆ. ವಿದೇಶದ್ದೊಂದು ಇತ್ತು, ಅದರ ಬೆಲೆಯಲ್ಲಿ ನಾನು ಇನ್ನೊಂದು ಬ್ಯಾರನ್ ಕಟ್ಟಿಸಬಹುದು. ಆಮೇಲೆ ಒಂದು ಪುಟ್ಟದು ಬಂತು, ಹಗುರ, ಹೆಂಗಸರ ಬ್ಯಾಗಿನಲ್ಲೂ ಇಡಬಹುದು ಎಂದರು. ಬೆಲೆಯೂ ನಮ್ಮ ಅಳತೆಯೊಳಗೇ ಇತ್ತು. ಮೂರ್ತಿ ಅದನ್ನು ಅಂಗೈಯಲ್ಲಿಟ್ಟು ನೋಡಿ, ಇದರ ಗುಂಡು ತಿಂದವನು ಸಿಟ್ಟಾಗುತ್ತಾನೆ ಅಷ್ಟೆ ಎಂದು ತಳ್ಳಿಬಿಟ್ಟ. ಕಡಿಮೆಗೆ ಬರುವ ಪಿಸ್ತೂಲೊಂದನ್ನು ನಾನು ಬೆರಳಿಟ್ಟು ತೋರಿಸಿದೆ.

"ಪಿಸ್ತೂಲ್ ಬ್ಯಾಡ ಕಣ್ಲಾ ಮಾದೇಸ," ಎಂದ ಮೂರ್ತಿ. "ಗುಂಡು ಸಿಕ್ಕಾಕಂಡ್ರೆ ಬುಡ್ಸಕ್ಕೆ ನಿಂಗೂ ಬರಾಕಿಲ್ಲ, ಬಾಗ್ಯಂಗೂ ಬರಾಕಿಲ್ಲ. ರಿವಾಲ್ವರ್ ಆದ್ರೆ ಇನ್ನೊಂದ್ಸಲ ಒತ್ತುದ್ರಾಯ್ತು."

ಕೊನೆಗೆ ರೇಣುಕಾಪ್ರಸಾದ್ ಒಳಗಿನಿಂದ ಒಂದು ಹಳೆಯದನ್ನು ತಂದರು. ಕೊಡಗಿನ ಕಡೆಯ ತೋಟದ ಯಜಮಾನರೊಬ್ಬರದಂತೆ. ಅವರು ತೀರಿಕೊಂಡ ಮೇಲೆ ಮಕ್ಕಳು ಮಾರಲು ಬಿಟ್ಟಿದ್ದರು. ಹಿಡಿಯ ಮರ ಬೆವರಿಗೆ ಕಪ್ಪಾಗಿತ್ತು. ಮೂರ್ತಿ ಅದನ್ನು ಹೆಣ್ಣು ನೋಡಲು ಹೋದವರಿಗಿಂತ ಹೆಚ್ಚು ವಿಚಾರಿಸಿಕೊಂಡ. ಗುಂಡು ತುಂಬುವ ಉರುಳೆಯನ್ನು ತಿರುಗಿಸಿ ಅಲುಗಾಡಿಸಿದ, ನಳಿಗೆಯ ಹಿಂದೆ ಮೊಬೈಲಿನ ಬೆಳಕು ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ, ತುಕ್ಕಿದೆಯೇ ಎಂದು ಉಗುರಲ್ಲಿ ಕೆರೆದ. ಒಳಗೆ ಸವೆದಿಲ್ಲ, ಹೊರಗೆ ಮಾತ್ರ ವಯಸ್ಸಾಗಿದೆ ಎಂದ. ಎಪ್ಪತ್ತೆಂಟು ಹೇಳಿದವರನ್ನು ಚೌಕಾಸಿ ಮಾಡಿ ಅರವತ್ತೊಂಬತ್ತಕ್ಕೆ ಇಳಿಸಿದ. ಈ ಬೆಲೆಗೆ ಇಂಥ ಮಾಲು ಇನ್ನೆಲ್ಲೂ ಇಲ್ಲ ಎಂದು ಇಬ್ಬರೂ ಒಪ್ಪಿದರು. ನಾನು ಜೇಬಿಗೆ ಕೈ ಹಾಕಿದೆ. ಮುಗಿಯಿತಲ್ಲ, ಇನ್ನು ಹೋಗಿ ಮಲಗಬಹುದು ಅನ್ನಿಸಿತು. ಅಷ್ಟು ದಣಿದಿದ್ದೆ.

ಅಲ್ಲಿಯವರೆಗೆ ಭಾಗ್ಯ ಮೂಲೆಯ ಕುರ್ಚಿಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಎದ್ದು ಬಂದು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಹೇಗೆ ಒತ್ತುವುದು ಎಂದು ಕೇಳಿ, ಖಾಲಿ ರಿವಾಲ್ವರನ್ನು ಗೋಡೆಯ ಕಡೆಗೆ ಹಿಡಿದು ಒತ್ತಿದಳು. ಟಕ್ ಎಂದಿತು. ಮತ್ತೊಮ್ಮೆ ಒತ್ತಿದಳು. ಆಮೇಲೆ ಅದನ್ನು ಗಾಜಿನ ಮೇಲಿಟ್ಟು, ರೇಣುಕಾಪ್ರಸಾದರನ್ನು ಒಂದೇ ಒಂದು ಮಾತು ಕೇಳಿದಳು.

"ಇವ್ರು ಮಾರ್ಕೆಟ್ಗೆ ಓದಾಗ ಇದು ಎಲ್ಲಿರ್ತದೆ ಸಾಮಿ?"

ಅವರು ಲೈಸೆನ್ಸನ್ನು ಮತ್ತೆ ಬಿಡಿಸಿ ನೋಡಿದರು. ನನ್ನ ಮುಖ ನೋಡಿದರು. "ಒಂದು ಅವರ ಸೊಂಟದಲ್ಲಿರಬೇಕು, ಇಲ್ಲಾ ಬೀಗ ಹಾಕಿ ಬೀಗದಕೈ ಅವರ ಹತ್ರ ಇರಬೇಕು. ಲೈಸೆನ್ಸ್ ಇರೋದು ಯಜಮಾನ್ರ ಹೆಸರಲ್ಲಿ. ಅವರಿಲ್ಲದಾಗ ನೀವು ಇದನ್ನ ಮುಟ್ಟೋ ಹಾಗಿಲ್ಲಮ್ಮ. ಮುಟ್ಟಿದ್ರೆ ನಿಮ್ಮ ಮೇಲೂ ಕೇಸು, ಅವರ ಮೇಲೂ ಕೇಸು."

ಮೂರ್ತಿ, ಯಾರು ಬಂದು ನೋಡುತ್ತಾರೆ, ಮನೆಯಲ್ಲಿಟ್ಟರಾಯಿತು ಎಂದು ಗೊಣಗಿದ. ಅಂಥ ಮಾತು ನನ್ನ ಅಂಗಡಿಯಲ್ಲಿ ಬೇಡ ಎಂದು ರೇಣುಕಾಪ್ರಸಾದ್ ಬಾಯಿ ಮುಚ್ಚಿಸಿದರು. ಅಮ್ಮನವರ ಹೆಸರಿನಲ್ಲೇ ಹೊಸ ಅರ್ಜಿ ಹಾಕಿ, ಅವರೇ ತರಬೇತಿ ಮಾಡಲಿ, ಎಂದು ಸಮಾಧಾನವಾಗಿ ಹೇಳಿದರು. ಇನ್ನೂ ಮೂರು ವರ್ಷ. ನಾಲ್ಕು ಜೊತೆ ಚಪ್ಪಲಿ.

ನನಗೆ ಮೈಯೆಲ್ಲ ಉರಿಯಿತು, ಯಾರ ಮೇಲೆ ಎಂದು ತಿಳಿಯದೆ. ಪಿರಿಯಾಪಟ್ಟಣದ ಟೈಪಿಂಗ್ ಅಂಗಡಿ ನೆನಪಾಯಿತು. ಅರ್ಜಿದಾರರ ಹೆಸರು ಎಂದು ಹುಡುಗಿ ಕೇಳಿದ್ದೇ ತಡ, ನನ್ನ ಹೆಸರು, ಬಿನ್ ಸಣ್ಣಬೀರಯ್ಯ ಎಂದು ಒಂದೇ ಉಸಿರಿಗೆ ಹೇಳಿದ್ದೆ. ಭಾಗ್ಯ ಪೊಲೀಸ್ ದೂರಿನ ಪ್ರತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದೇ ಬೆಂಚಿನಲ್ಲಿ ಕೂತಿದ್ದಳು. ಕಟ್ಟಿಹಾಕಿಸಿಕೊಂಡವಳು ಅವಳು, ಹಗಲೆಲ್ಲ ಮನೆಯಲ್ಲಿ ಇರಬೇಕಾದವಳು ಅವಳು. ಪಹಣಿ ನನ್ನ ಹೆಸರಿನಲ್ಲಿ, ಹೊಗೆಸೊಪ್ಪಿನ ಲೈಸೆನ್ಸ್ ನನ್ನ ಹೆಸರಿನಲ್ಲಿ, ಪಂಪ್‌ಸೆಟ್ಟು, ಗ್ಯಾಸು, ಕರೆಂಟು ಎಲ್ಲ ನನ್ನ ಹೆಸರಿನಲ್ಲಿ. ಅವಳ ಭಯಕ್ಕೂ ನನ್ನ ಹೆಸರನ್ನೇ ಬರೆಸಿದ್ದೆ. ಕಚೇರಿ ಕಚೇರಿಯಲ್ಲಿ ಅಷ್ಟು ಜನ ಅದನ್ನು ಓದಿ ಸಹಿ ಹಾಕಿದರು, ಒಬ್ಬರಿಗೂ ಅದು ತಪ್ಪು ಅನ್ನಿಸಲಿಲ್ಲ.

ಆದರೂ ಕೊಂಡುಬಿಡೋಣ ಎಂದೆ. ಅಷ್ಟು ಅಲೆದ ಮೇಲೆ ಬರಿಗೈಲಿ ಹೋಗುವುದು ನನ್ನಿಂದಾಗುತ್ತಿರಲಿಲ್ಲ. ಭಾಗ್ಯ ತಲೆಯಾಡಿಸಿ ಚೀಲ ತೆಗೆದುಕೊಂಡು ಮೆಟ್ಟಿಲಿಳಿದಳು. ನಾನು ರೇಣುಕಾಪ್ರಸಾದರಿಗೆ ಕೈ ಮುಗಿದೆ. ಅವರು ರಿವಾಲ್ವರನ್ನು ಹಳದಿ ಬಟ್ಟೆಯಲ್ಲಿ ಒರೆಸಿ ಒಳಗಿಟ್ಟರು.

ಹುಣಸೂರಿನಲ್ಲಿ ಮೂರ್ತಿ ಟಯರಿಗೆ ಗಾಳಿ ಹಾಕಿಸಲು ಇಳಿದ. ಗಾಡಿಯಲ್ಲಿ ನಾವಿಬ್ಬರೇ. ನಾಳೆಯೇ ಹೋಗಿ ನಿನ್ನ ಹೆಸರಿನಲ್ಲಿ ಅರ್ಜಿ ಹಾಕೋಣ ಎಂದೆ. ಅವಳು ಕಿಟಕಿಯ ಆಚೆ ನೋಡುತ್ತಲೇ ಮಾತಾಡಿದಳು.

"ನಂಗೆ ಬಂದೂಕ ಬ್ಯಾಡ ಕಣ್ರೀ. ನಾನ್ ಪೋನ್ ಮಾಡುದ್ರೆ ಎತ್ತಿ, ಸಾಕು."

ಅವತ್ತು ಗದ್ದಲ ಇತ್ತು ಎಂದು ಬಾಯಿ ತೆರೆದೆ. ಮೂರು ವರ್ಷದಿಂದ ಹೇಳಿ ಹೇಳಿ ಅದು ತಾನಾಗಿಯೇ ಬಾಯಿಗೆ ಬರುತ್ತಿತ್ತು.

"ರಿಂಗಾಗಿ ರಿಂಗಾಗಿ ನಿಂತೋಗದೇ ಬ್ಯಾರೆ, ಕಟ್ ಮಾಡದೇ ಬ್ಯಾರೆ. ಅವತ್ತು ಎಲ್ಡು ರಿಂಗಿಗೇ ಕಟ್ಟಾಯ್ತು. ಅಡ್ಗೆ ಮನೇಲಿ ಪೋನ್ ನೋಡ್ಕಂಡ್ ನಿಂತಿದ್ನಲ್ಲ, ನಂಗೊತ್ತಿಲ್ವ? ನೀವು ಮಾತಾಡಿದ್ರೆ, ಮನೆ ಗಂಡುಸ್ರು ಅತ್ರದಲ್ಲೇ ಅವ್ರೆ ಅಂತ ಅವ್ರು ಒಂಟೋಗಿರೋರು." ಕಿಟಕಿಯಿಂದ ನನ್ನ ಕಡೆ ತಿರುಗಿದಳು. "ನೀವೇ ಯೋಳ್ತೀರ ಅಂತ ಕಾಯ್ತಿದ್ದೆ."

ನನಗೆ ನಾಚಿಕೆಯಾಯಿತು. ಅಳು ಬಂತು. ನಮ್ಮ ಬೇಲಿನ ಸರದಿ ಬಂದಿತ್ತು ಎಂದೆ. ಎಷ್ಟಕ್ಕೆ ಹೋಯಿತು ಎಂದು ಅವಳು ಕೇಳಿದಳು. ಕೆ.ಜಿ.ಗೆ ಇನ್ನೂರ ಹನ್ನೊಂದು. ಮೂರು ವರ್ಷದ ಹಿಂದಿನ ರೇಟು ನಾಲಗೆಯ ತುದಿಯಲ್ಲೇ ಇತ್ತು. ಅವಳು ಹ್ಞೂಂ ಎಂದಳು. ಅಷ್ಟರಲ್ಲಿ ಮೂರ್ತಿ ಬಂದ. ಊರು ಮುಟ್ಟುವವರೆಗೆ ಅವನೊಬ್ಬನೇ, ಅಂಥ ಮಾಲು ಬಿಟ್ಟು ಬಂದೆವಲ್ಲ ಎಂದು ಪೇಚಾಡುತ್ತಿದ್ದ.

ಹನ್ನೆರಡು ದಿನ ಕಳೆದು ಗಡುವು ಮುಗಿಯಿತು. ಲೈಸೆನ್ಸ್ ಈಗ ಟ್ರಂಕಿನಲ್ಲಿ ಹಳೆಯ ಮದುವೆ ಕಾಗದಗಳ ಜೊತೆ ಬಿದ್ದಿದೆ.

ಅದರ ಮುಂದಿನ ವಾರ ನನ್ನ ಸೊಪ್ಪು ಹರಾಜಿಗೆ ಇತ್ತು. ಬೆಳಿಗ್ಗೆ ನಾನು ಹೊರಟಾಗ ಭಾಗ್ಯ ಬೀಗ ತೆಗೆದುಕೊಳ್ಳಲಿಲ್ಲ. ಮಲ್ಲಾಜಮ್ಮನ ಮನೆಗೆ ಹೋಗುವುದಿಲ್ಲವೇ ಎಂದು ಕೇಳಿದೆ. ನೋಡೋಣ, ನೀವು ಹೋಗಿ, ಎಂದಳು. ಬಾಗಿಲಲ್ಲೇ ನಿಂತಿದ್ದಳು, ಕೈ ಬಾಗಿಲ ಚಿಲಕದ ಮೇಲೆಯೇ ಇತ್ತು.

ಹನ್ನೊಂದೂಕಾಲಕ್ಕೆ ಖರೀದಿದಾರರು ನನ್ನ ಸಾಲಿಗೆ ಬಂದರು. ಮೊದಲ ಬೇಲಿನ ಹತ್ತಿರ ನಿಂತು ಸೊಪ್ಪು ಎಳೆದು ನೋಡುತ್ತಿದ್ದಾಗ ಜೇಬಿನಲ್ಲಿ ಫೋನು ಬಡಿಯಿತು. ಎರಡನೆಯ ರಿಂಗಿಗೆ ಎತ್ತಿದೆ. ಏನಾಯಿತು, ಯಾರು ಬಂದರು, ಎಂದು ಕೂಗಿದೆನಂತೆ, ಪಕ್ಕದವರು ಆಮೇಲೆ ಹೇಳಿದರು. ಆ ಕಡೆಯಿಂದ ಕೊಟ್ಟಿಗೆಯ ಹಸುವಿನ ಗಂಟೆ ಕೇಳಿಸಿತು. ಅವಳು ಮನೆಯಲ್ಲೇ ಇದ್ದಳು.

"ಏನಿಲ್ಲ," ಎಂದಳು ಭಾಗ್ಯ.

ಆಮೇಲೆ ಅವಳೇ ಕಟ್ ಮಾಡಿದಳು. ಖರೀದಿದಾರರು ನನ್ನ ಮೂರು ಬೇಲು ದಾಟಿ ಹೋಗಿದ್ದರು. ನಾನು ಫೋನು ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ.